ರಾಜೀವ್ ಗಾಂಧಿ ಹತ್ಯೆ: ತೀರ್ಪಿನ ಆಚೆಗೆ ಉಳಿದ ಸಂಶಯಗಳು

ಭಾರತದ ಮಾಜಿ ಪ್ರಧಾನಿ ರಾಜೀವ್ ಗಾಂಧಿ 1991ರ ಮೇ 21ರಂದು ರಾತ್ರಿ ಸುಮಾರು 10.20ಕ್ಕೆ ತಮಿಳುನಾಡಿನ ಶ್ರೀಪೆರಂಬುದೂರಿನಲ್ಲಿ ಆತ್ಮಾಹುತಿ ಬಾಂಬಿಗೆ ಬಲಿಯಾದರು. ರಾಮಾನುಜಾಚಾರ್ಯರ ಹುಟ್ಟೂರೆಂದು ಅಲ್ಲಿಯತನಕ ಹೆಸರಾಗಿದ್ದ ಊರು ಅದು. ಕಾಂಗ್ರೆಸ್ ಅಭ್ಯರ್ಥಿ ಮರಗತಂ ಚಂದ್ರಶೇಖರ್ ಪರವಾಗಿ ಪ್ರಚಾರ ಭಾಷಣ ಮಾಡಲು ರಾಜೀವ್ ಬಂದಿದ್ದರು. ಹಾರ ಹಾಕುವ ನೆಪದಲ್ಲಿ ಹತ್ತಿರ ಬಂದ ಧನು ಎಂಬ ಯುವತಿ ಕಾಲು ಮುಟ್ಟುವಂತೆ ಬಾಗಿ, ಉಡುಪಿನೊಳಗೆ ಸೊಂಟಕ್ಕೆ ಕಟ್ಟಿಕೊಂಡಿದ್ದ ಬಾಂಬನ್ನು ಸಿಡಿಸಿದಳು. ರಾಜೀವ್ ಮತ್ತು ಹಂತಕಿ ಸೇರಿದಂತೆ ಹದಿನೈದಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಒಂಬತ್ತು ಮಂದಿ ಪೊಲೀಸರು. ಶ್ರೀಲಂಕಾದ ಎಲ್‌ಟಿಟಿಇ (ತಮಿಳು ಹುಲಿಗಳ ಸಂಘಟನೆ) ಈ ಹತ್ಯೆಯನ್ನು ಮಾಡಿಸಿತು ಎಂಬುದು ಸಿಬಿಐ ತನಿಖೆಯ ನಿಲುವು. 1999ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒಪ್ಪಿತು. ಆದರೆ ಸಂಚಿನ ಆಳ ಎಷ್ಟು, ಬಾಂಬ್ ಮಾಡಿದವರು ಯಾರು, ಬದುಕಿರುವಾಗಲೇ ಕೈಗೆ ಸಿಗಬಹುದಾಗಿದ್ದವರು ಏಕೆ ಸಿಗಲಿಲ್ಲ ಎಂಬ ಪ್ರಶ್ನೆಗಳು ಮೂರು ದಶಕ ದಾಟಿದರೂ ಮುಗಿದಿಲ್ಲ.

ಈ ಪ್ರಶ್ನೆಗಳಿಗೆ ಒಂದು ವಿಶೇಷವಿದೆ. ಅಮೆರಿಕದ ಕೆನಡಿ ಹತ್ಯೆಯಲ್ಲಿ ಗುಂಡು ಹಾರಿಸಿದವರು ಯಾರು ಎಂಬುದೇ ವಿವಾದ. ಇಲ್ಲಿ ಕೊಂದ ಕೈ ಯಾವುದೆಂಬ ಬಗ್ಗೆ ಗಂಭೀರವಾಗಿ ತಕರಾರು ಎತ್ತುವವರು ಕಡಿಮೆ. ತಕರಾರೆಲ್ಲ ಆ ಕೈಯ ಹಿಂದೆ ನಿಂತವರ ಪಟ್ಟಿ ಎಲ್ಲಿಗೆ ಮುಗಿಯುತ್ತದೆ ಎಂಬುದರ ಬಗ್ಗೆ. ಇನ್ನೊಂದು ತೊಡಕೆಂದರೆ, ಈ ಹತ್ಯೆಯ ಅಧಿಕೃತ ಕಥನ ಒಂದೇ ಅಲ್ಲ. ಸಿಬಿಐನ ವಿಶೇಷ ತನಿಖಾ ತಂಡದ ದೋಷಾರೋಪ ಪಟ್ಟಿಯೊಂದು, ನ್ಯಾಯಮೂರ್ತಿ ವರ್ಮಾ ಆಯೋಗದ ವರದಿಯೊಂದು, ನ್ಯಾಯಮೂರ್ತಿ ಜೈನ್ ಆಯೋಗದ ವರದಿ ಮತ್ತೊಂದು. ಮೂರಕ್ಕೂ ಸರ್ಕಾರಿ ಮುದ್ರೆಯಿದೆ, ಮೂರನ್ನೂ ಪಕ್ಕಪಕ್ಕದಲ್ಲಿಟ್ಟರೆ ಅಂಚುಗಳು ಕೂಡುವುದಿಲ್ಲ. ಸಂಶಯಗಳಲ್ಲಿ ಹೆಚ್ಚಿನವು ಹುಟ್ಟಿದ್ದು ಆ ಬಿರುಕುಗಳಲ್ಲೇ.

ಉಳಿದ ಕ್ಯಾಮೆರಾ

ತನಿಖೆಗೆ ದಾರಿ ಸಿಕ್ಕಿದ್ದು ಸತ್ತವನೊಬ್ಬನ ಕ್ಯಾಮೆರಾದಿಂದ. ಸಂಚುಕೋರರು ಫೋಟೊ ತೆಗೆಯಲೆಂದು ಕರೆತಂದಿದ್ದ ಹರಿಬಾಬು ಸ್ಫೋಟದಲ್ಲಿ ಸತ್ತ. ಅವನ ಕ್ಯಾಮೆರಾ ಮಾತ್ರ ಶವದ ಬಳಿ ಕೆಡದೆ ಉಳಿಯಿತು. ಅದರೊಳಗಿದ್ದ ಹತ್ತು ಚಿತ್ರಗಳಲ್ಲಿ ಶ್ರೀಗಂಧದ ಹಾರ ಹಿಡಿದು ಕಾದು ನಿಂತ ಧನು ಇದ್ದಳು. ಬಿಳಿ ಕುರ್ತಾ ಪೈಜಾಮ ತೊಟ್ಟು, ಕೈಯಲ್ಲಿ ಟಿಪ್ಪಣಿ ಪುಸ್ತಕ ಹಿಡಿದು ಪತ್ರಕರ್ತನಂತೆ ನಿಂತವನೂ ಇದ್ದ. ಇವನೇ ಮುಂದೆ ‘ಒಂಟಿಗಣ್ಣ’ ಎಂದು ಮನೆಮಾತಾದ ಶಿವರಾಸನ್. ಹಾರ ಕೊಂಡದ್ದು ಚೆನ್ನೈನ ಪೂಂಪುಹಾರ್ ಕರಕುಶಲ ಮಳಿಗೆಯಲ್ಲಿ ಎಂಬುದಕ್ಕೆ ರಸೀದಿಯೂ ಸಿಕ್ಕಿತು. ಕೊಲೆಯ ಸಾಕ್ಷ್ಯವನ್ನು ಕೊಲೆಗಾರರೇ ಸಿದ್ಧಪಡಿಸಿ ಬಿಟ್ಟುಹೋದ ಇಂಥ ಪ್ರಕರಣಗಳು ಅಪರೂಪ. ಛಿದ್ರವಾದ ದೇಹಗಳನ್ನೂ ಬೆಲ್ಟಿನ ಚೂರುಗಳನ್ನೂ ಜೋಡಿಸಿ, ಬಾಂಬ್ ಇದ್ದದ್ದು ಹೂಬುಟ್ಟಿಯಲ್ಲಲ್ಲ, ಹೆಂಗಸೊಬ್ಬಳ ಮೈಮೇಲೆ ಎಂದು ತೋರಿಸಿದವರು ತಮಿಳುನಾಡು ವಿಧಿವಿಜ್ಞಾನ ವಿಭಾಗದ ಪಿ. ಚಂದ್ರಶೇಖರನ್.

ಕರ್ನಾಟಕ ಕೇಡರಿನ ಐಪಿಎಸ್ ಅಧಿಕಾರಿ ಡಿ.ಆರ್. ಕಾರ್ತಿಕೇಯನ್ ನೇತೃತ್ವದ ತಂಡ ಹತ್ಯೆಗೆ ವರ್ಷ ತುಂಬುವ ಮುನ್ನಾದಿನ, 1992ರ ಮೇ 20ರಂದು, 41 ಜನರ ಮೇಲೆ ದೋಷಾರೋಪ ಪಟ್ಟಿ ಸಲ್ಲಿಸಿತು. ಅವರಲ್ಲಿ 12 ಮಂದಿ ಆಗಲೇ ಸತ್ತಿದ್ದರು. ಹುಲಿಗಳ ನಾಯಕ ಪ್ರಭಾಕರನ್, ಅವನ ಸಂಘಟನೆಯ ಪೊಟ್ಟು ಅಮ್ಮಾನ್ ಮತ್ತು ಅಕಿಲಾ ತಲೆಮರೆಸಿಕೊಂಡವರೆಂದು ಘೋಷಿತರಾದರು. ಕಟಕಟೆಯಲ್ಲಿ ನಿಂತವರು 26 ಮಂದಿ. ಈ ಲೆಕ್ಕವನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಆಜ್ಞೆ ಕೊಟ್ಟವರು ಸಮುದ್ರದಾಚೆ, ಆಜ್ಞೆ ನಡೆಸಿದವರು ಮಸಣದಲ್ಲಿ. ನ್ಯಾಯಾಲಯದ ಮುಂದೆ ಉಳಿದದ್ದು ಬಹುಪಾಲು ಮನೆ ಕೊಟ್ಟವರು, ಜೊತೆಗೆ ಓಡಾಡಿದವರು, ಸಾಮಾನು ತಂದುಕೊಟ್ಟವರು.

ತನಿಖಾ ತಂಡದ ಪ್ರಕಾರ ಉದ್ದೇಶ ಸ್ಪಷ್ಟವಾಗಿತ್ತು. 1987ರ ಜುಲೈ 29ರ ಭಾರತ–ಶ್ರೀಲಂಕಾ ಒಪ್ಪಂದದ ನಂತರ ರಾಜೀವ್ ಕಳಿಸಿದ ಶಾಂತಿಪಾಲನಾ ಪಡೆ ಹುಲಿಗಳೊಡನೆ ಯುದ್ಧಕ್ಕಿಳಿದು, 1990ರ ಮಾರ್ಚಿನಲ್ಲಿ ವಾಪಸಾಗಿತ್ತು. ರಾಜೀವ್ ಮತ್ತೆ ಗದ್ದುಗೆಗೆ ಬಂದರೆ ಸೈನ್ಯವೂ ಮತ್ತೆ ಬರುತ್ತದೆ ಎಂಬ ಭಯ ಹುಲಿಗಳಿಗಿತ್ತು. 1991ರ ಮೇ 1ರಂದು ಸಂಚಿನ ತಂಡದ ಒಂಬತ್ತು ಜನ ದೋಣಿಯಲ್ಲಿ ಕೋಡಿಯಕ್ಕರೈ ತೀರಕ್ಕೆ ಬಂದಿಳಿದರು. ಮೇ 7ರಂದು ಚೆನ್ನೈನಲ್ಲಿ ವಿ.ಪಿ. ಸಿಂಗ್ ಅವರ ಸಭೆಯಲ್ಲಿ ಹಾರ ಹಾಕುವ ತಾಲೀಮು ನಡೆಯಿತು. ಎರಡು ವಾರದಲ್ಲಿ ಕೆಲಸ ಮುಗಿಯಿತು.

ಒಪ್ಪದವರು ತೋರಿಸುವ ಮೊದಲ ಗಂಟು ಇಲ್ಲೇ ಇದೆ. 1991ರ ಮಾರ್ಚಿನಲ್ಲಿ ಹುಲಿಗಳ ಪರವಾಗಿ ಕವಿ ಕಾಶಿ ಆನಂದನ್ ದೆಹಲಿಯಲ್ಲಿ ರಾಜೀವ್ ಅವರನ್ನು ಕಂಡು ಮಾತಾಡಿದ್ದರು. ರಾಜಿಯ ಮಾತು ನಡೆಯುತ್ತಿರುವಾಗ ಕೊಲ್ಲುವುದೇಕೆ ಎಂದು ಒಂದು ಪಾಳಯ ಕೇಳುತ್ತದೆ. ಮಾತುಕತೆಯೇ ಮೈಮರೆಸುವ ತಂತ್ರವಾಗಿತ್ತು ಎಂದು ಇನ್ನೊಂದು ಪಾಳಯ ಉತ್ತರಿಸುತ್ತದೆ. ಪ್ರಭಾಕರನ್ ಜೀವನದ ಉದ್ದಕ್ಕೂ ಮಾತುಕತೆ ಮತ್ತು ಕೊಲೆ ಒಂದರ ಪಕ್ಕ ಒಂದು ನಡೆದದ್ದನ್ನು ನೋಡಿದರೆ ಎರಡನೆಯ ಉತ್ತರಕ್ಕೇ ತೂಕ ಹೆಚ್ಚು.

ಕೋಣನಕುಂಟೆ

ಸಂಶಯದ ಬೇರು ಬೆಂಗಳೂರಿನ ಮಣ್ಣಿನಲ್ಲೂ ಇದೆ. ಚೆನ್ನೈನಲ್ಲಿ ಹುಡುಕಾಟ ಬಿಗಿಯಾದಾಗ ಶಿವರಾಸನ್ ಮತ್ತು ಸಂಗಡಿಗಳು ಜೂನ್ ಕೊನೆಯಲ್ಲಿ ಟ್ಯಾಂಕರ್ ಲಾರಿಯೊಳಗೆ ಅಡಗಿ ಬೆಂಗಳೂರು ಸೇರಿದರು. ಶ್ರೀಲಂಕಾದ ಯುದ್ಧದಲ್ಲಿ ಗಾಯಗೊಂಡು ಚಿಕಿತ್ಸೆಗೆ ಬಂದಿದ್ದ ಹುಲಿಗಳೂ ಕರ್ನಾಟಕದಲ್ಲಿದ್ದರು. ಆಗಸ್ಟ್ ನಡುವಿನಲ್ಲಿ ಮಂಡ್ಯ ಜಿಲ್ಲೆಯ ಮುತ್ತತ್ತಿ ಮತ್ತು ಅದರ ಆಸುಪಾಸಿನ ಇನ್ನೊಂದು ಹಳ್ಳಿಯಲ್ಲಿ ಅಡಗಿದ್ದವರನ್ನು ಪೊಲೀಸರು ಮುತ್ತಿದಾಗ ಅವರು ಸೈನೈಡ್ ಕಚ್ಚಿದರು. ಕುತ್ತಿಗೆಯಲ್ಲಿ ಗಾಜಿನ ಕ್ಯಾಪ್ಸೂಲ್ ಕಟ್ಟಿಕೊಂಡು ತಿರುಗುವ ಜನ. ಮುತ್ತಿಗೆಯ ಸುಳಿವು ಸಿಕ್ಕ ಕ್ಷಣವೇ ಸಾಕ್ಷ್ಯ ನಾಶವಾಗುತ್ತದೆ ಎಂಬುದು ಅಲ್ಲಿಗೇ ಗೊತ್ತಾಗಿತ್ತು.

ಆಗ ಬೆಂಗಳೂರಿನ ಹೊರವಲಯದ ಹಳ್ಳಿಯಾಗಿದ್ದ ಕೋಣನಕುಂಟೆಯ ಒಂದು ಬಾಡಿಗೆ ಮನೆಯಲ್ಲಿ ಶಿವರಾಸನ್ ಇದ್ದಾನೆಂದು ಆಗಸ್ಟ್ 18ರಂದು ತಿಳಿಯಿತು. ಮನೆಯನ್ನು ಸುತ್ತುವರಿದರು. ಕರ್ನಾಟಕ ಪೊಲೀಸರಿದ್ದರು, ತನಿಖಾ ತಂಡದವರಿದ್ದರು, ಕಮಾಂಡೊಗಳಿದ್ದರು. ಆದರೂ ಒಳನುಗ್ಗಲು ಅಪ್ಪಣೆ ಬರಲಿಲ್ಲ. ಜೀವಂತ ಹಿಡಿಯಬೇಕು, ಸೈನೈಡಿಗೆ ಪ್ರತಿವಿಷ ಬರಬೇಕು, ದೆಹಲಿಯಿಂದ ಮೇಲಧಿಕಾರಿಗಳು ಬರಬೇಕು ಎಂಬ ಕಾರಣಗಳು ಒಂದರ ಹಿಂದೆ ಒಂದು ಬಂದವು. ಇತ್ತ ಸುದ್ದಿ ಹಬ್ಬಿ ಜನ ನೆರೆದರು. 19ರ ಸಂಜೆ ಒಳಗಿನಿಂದ ಗುಂಡು ಹಾರಿತು, ಹೊರಗಿನವರೂ ಹಾರಿಸಿದರು, ಆಮೇಲೆ ಸದ್ದಡಗಿತು. 20ರ ಬೆಳಗ್ಗೆ ಕಮಾಂಡೊಗಳು ಬಾಗಿಲು ಒಡೆದಾಗ ಒಳಗೆ ಏಳು ಹೆಣಗಳಿದ್ದವು. ಶಿವರಾಸನ್ ತಲೆಗೆ ಗುಂಡು ಬಿದ್ದಿತ್ತು, ಸಂಚಿನ ತಂಡದ ಶುಭಾ ಮತ್ತು ಉಳಿದವರು ಸೈನೈಡ್ ಸೇವಿಸಿದ್ದರು. ಅಂದು ರಾಜೀವ್ ಗಾಂಧಿಯವರ ಜನ್ಮದಿನ.

ಧನು ಯಾರು, ಅವಳನ್ನು ಆರಿಸಿದವರು ಯಾರು, ಹಣ ಎಲ್ಲಿಂದ ಬಂತು, ಭಾರತದೊಳಗೆ ಮೇಲಿನ ಮಟ್ಟದಲ್ಲಿ ಯಾರಾದರೂ ಕೈಜೋಡಿಸಿದ್ದರೇ ಎಂಬುದನ್ನೆಲ್ಲ ಹೇಳಬಲ್ಲವನಾಗಿದ್ದವನು ಶಿವರಾಸನ್ ಒಬ್ಬನೇ. ಅವನ ಬಾಯಿ ಮುಚ್ಚಿಸಲೆಂದೇ ತಡಮಾಡಿದರು ಎಂಬ ಮಾತು ಆ ವಾರವೇ ಬೆಂಗಳೂರಿನ ಹೋಟೆಲುಗಳಲ್ಲಿ ಹುಟ್ಟಿತು, ಈಗಲೂ ಅಲ್ಲಲ್ಲಿ ಕೇಳಿಬರುತ್ತದೆ. ಇದಕ್ಕೆ ಆಧಾರ ಯಾವುದೂ ಸಿಕ್ಕಿಲ್ಲ. ಯಾರು ಅಪ್ಪಣೆ ಕೊಡಬೇಕೆಂದು ಯಾರಿಗೂ ಖಚಿತವಿಲ್ಲದ, ಹೊಣೆಯನ್ನು ಒಬ್ಬರಿಂದ ಒಬ್ಬರಿಗೆ ದಾಟಿಸುವ ಕಚೇರಿ ಪದ್ಧತಿಯೇ ಈ ತಡವನ್ನು ವಿವರಿಸಲು ಸಾಕಾಗುತ್ತದೆ. ಎ.ಎಂ.ಆರ್. ರಮೇಶ್ ನಿರ್ದೇಶಿಸಿದ 2006ರ ಕನ್ನಡ ಚಿತ್ರ ‘ಸೈನೈಡ್’ ಈ ಕಾಯುವಿಕೆಯನ್ನೇ ವಸ್ತು ಮಾಡಿಕೊಂಡಿತು. ಅದನ್ನು ನೋಡಿದ ಕನ್ನಡಿಗರಿಗೆ ರಾಜೀವ್ ಹತ್ಯೆ ಎಂದರೆ ಶ್ರೀಪೆರಂಬುದೂರಿನಷ್ಟೇ ಕೋಣನಕುಂಟೆಯೂ ನೆನಪಾಗುತ್ತದೆ.

ವೇದಾರಣ್ಯದ ಮರ

ಕೋಣನಕುಂಟೆಗಿಂತ ಒಂದು ತಿಂಗಳು ಮೊದಲು ನಡೆದ ಇನ್ನೊಂದು ಸಾವು ಕರ್ನಾಟಕದಲ್ಲಿ ಅಷ್ಟಾಗಿ ಪ್ರಚಾರವಾಗಲಿಲ್ಲ. ವೇದಾರಣ್ಯ ಕರಾವಳಿಯ ಕಳ್ಳಸಾಗಣೆದಾರ ಷಣ್ಮುಗಂ ಹುಲಿಗಳನ್ನು ದಡಕ್ಕೆ ಇಳಿಸಿಕೊಳ್ಳುತ್ತಿದ್ದವನು. 1991ರ ಜುಲೈನಲ್ಲಿ ತನಿಖಾ ತಂಡದ ಕೈಗೆ ಸಿಕ್ಕಿ, ಮರಳಿನಲ್ಲಿ ಹೂತಿಟ್ಟ ಸಾಮಾನುಗಳನ್ನು ತೋರಿಸಿಕೊಟ್ಟ. ರಾತ್ರಿ ಕಾವಲಿನಿಂದ ತಪ್ಪಿಸಿಕೊಂಡನಂತೆ, ಬೆಳಗಾದಾಗ ಮರವೊಂದರಲ್ಲಿ ನೇತಾಡುತ್ತಿದ್ದ. ಆತ್ಮಹತ್ಯೆ ಎಂದು ದಾಖಲೆ ಹೇಳಿತು. ತಪ್ಪಿಸಿಕೊಂಡು ಓಡಿದವನು ಓಡಿಹೋಗುವ ಬದಲು ಹತ್ತಿರದಲ್ಲೇ ನೇಣು ಹಾಕಿಕೊಂಡದ್ದೇಕೆ ಎಂದು ಕೇಳಲು ಪಿತೂರಿ ಕಥೆಗಳ ಹುಚ್ಚು ಬೇಕಾಗಿಲ್ಲ. ದೊಡ್ಡ ಪ್ರಕರಣವೊಂದರ ಮುಖ್ಯ ಸಾಕ್ಷಿ ಕಾವಲಿನಲ್ಲಿ ಸತ್ತಾಗ ವಿವರಣೆ ಕೊಡುವ ಹೊಣೆ ಕಾವಲುಗಾರರದ್ದು. ಆ ವಿವರಣೆಗೆ ಎಂದೂ ಹೆಚ್ಚು ಜನ ತಲೆದೂಗಲಿಲ್ಲ.

ಎರಡು ಬ್ಯಾಟರಿಗಳು

ಪೂನಮಲ್ಲಿಯ ಟಾಡಾ (ಭಯೋತ್ಪಾದನೆ ತಡೆ ಕಾಯ್ದೆ) ನ್ಯಾಯಾಲಯ 288 ಸಾಕ್ಷಿಗಳನ್ನು ವಿಚಾರಿಸಿ, 1998ರ ಜನವರಿ 28ರಂದು 26 ಮಂದಿಗೂ ಮರಣದಂಡನೆ ವಿಧಿಸಿತು. ಒಂದೇ ಏಟಿಗೆ ಇಪ್ಪತ್ತಾರು ನೇಣು. 1999ರ ಮೇ 11ರಂದು ಸುಪ್ರೀಂ ಕೋರ್ಟಿನ ಕೆ.ಟಿ. ಥಾಮಸ್, ಡಿ.ಪಿ. ವಾಧ್ವಾ ಮತ್ತು ಸೈಯದ್ ಷಾ ಮೊಹಮ್ಮದ್ ಖಾದ್ರಿ ಅವರ ಪೀಠ 19 ಮಂದಿಯನ್ನು ಕೊಲೆ ಸಂಚಿನ ಆರೋಪದಿಂದ ಬಿಡಿಸಿತು, ಮೂವರಿಗೆ ಜೀವಾವಧಿ ಕೊಟ್ಟಿತು. ನಳಿನಿ, ಮುರುಗನ್, ಸಂತನ್ ಮತ್ತು ಪೇರರಿವಾಳನ್ ಅವರ ಮರಣದಂಡನೆ ಉಳಿಯಿತು. ನಳಿನಿಯ ವಿಷಯದಲ್ಲಿ ಥಾಮಸ್ ಭಿನ್ನಮತ ಬರೆದರು. ಈ ಪ್ರಕರಣಕ್ಕೆ ಟಾಡಾ ಕಾಯ್ದೆಯೇ ಅನ್ವಯಿಸದು ಎಂದೂ ಪೀಠ ಹೇಳಿತು. ಆದರೆ ಆ ಕಾಯ್ದೆಯಡಿ ಪೊಲೀಸ್ ಅಧಿಕಾರಿಯೆದುರು ಪಡೆದಿದ್ದ ತಪ್ಪೊಪ್ಪಿಗೆಗಳನ್ನು ಸಾಕ್ಷ್ಯವಾಗಿ ಉಳಿಸಿಕೊಂಡಿತು. ಸಾಮಾನ್ಯ ಕಾನೂನಿನಲ್ಲಿ ಪೊಲೀಸರ ಮುಂದೆ ಹೇಳಿದ ತಪ್ಪೊಪ್ಪಿಗೆಗೆ ಬೆಲೆಯಿಲ್ಲ. ಕಾಯ್ದೆ ಬಿದ್ದರೂ ಅದರ ಫಲ ನಿಂತದ್ದು ಕಾನೂನು ಬಲ್ಲವರ ನಡುವೆ ಇಂದಿಗೂ ಚರ್ಚೆಯ ವಿಷಯ.

ಆ ಚರ್ಚೆಗೆ ಮುಖವಾದವರು ಪೇರರಿವಾಳನ್. ಬಂಧನದ ಹೊತ್ತಿಗೆ ಅವರಿಗೆ 19 ವರ್ಷ. ಅವರ ಮೇಲಿನ ಮುಖ್ಯ ಆರೋಪ, ಶಿವರಾಸನ್‌ಗೆ ಒಂಬತ್ತು ವೋಲ್ಟಿನ ಎರಡು ಬ್ಯಾಟರಿ ತಂದುಕೊಟ್ಟದ್ದು. ಬಾಂಬ್ ಸಿಡಿಸಲು ಬಳಸಿದ್ದು ಇವನ್ನೇ ಎಂದು ತನಿಖಾ ತಂಡ ವಾದಿಸಿತು. ಬ್ಯಾಟರಿ ಕೊಂಡದ್ದು ತಪ್ಪೊಪ್ಪಿಗೆಯಲ್ಲಿತ್ತು. ಯಾತಕ್ಕೆಂದು ಗೊತ್ತಿದ್ದು ಕೊಂಡರೇ ಎಂಬುದರ ಮೇಲೆ ಒಂದು ಜೀವ ನಿಂತಿತ್ತು.

2013ರಲ್ಲಿ, ಹೇಳಿಕೆ ಬರೆದುಕೊಂಡಿದ್ದ ಸಿಬಿಐ ಅಧಿಕಾರಿ ವಿ. ತ್ಯಾಗರಾಜನ್ ನಿವೃತ್ತಿಯ ನಂತರ ಬಹಿರಂಗವಾಗಿ ಮಾತಾಡಿದರು. ಬ್ಯಾಟರಿ ಯಾತಕ್ಕೆ ಎಂದು ತನಗೆ ತಿಳಿದಿರಲಿಲ್ಲ ಎಂದು ಪೇರರಿವಾಳನ್ ಹೇಳಿದ್ದರು, ಅದನ್ನು ಸೇರಿಸಿದರೆ ತಪ್ಪೊಪ್ಪಿಗೆಯ ಉದ್ದೇಶವೇ ಕೆಡುತ್ತದೆಂದು ತಾನು ಬಿಟ್ಟುಬಿಟ್ಟೆ ಎಂದರು. ಮುಂದೆ ಇದನ್ನೇ ಸುಪ್ರೀಂ ಕೋರ್ಟಿಗೆ ಪ್ರಮಾಣಪತ್ರದಲ್ಲೂ ಬರೆದುಕೊಟ್ಟರು. ಇಡೀ ಪ್ರಕರಣದ ಸಂಶಯಗಳಲ್ಲಿ ಅತಿ ಗಟ್ಟಿಯಾದದ್ದು ಇದು. ವಿದೇಶಿ ಕೈವಾಡ, ಸನ್ಯಾಸಿಗಳ ಜಾಲ ಮುಂತಾದ ರಂಜಕ ಕಥೆಗಳ ಮುಂದೆ ಒಂದು ವಾಕ್ಯ ಬಿಟ್ಟುಹೋದದ್ದು ಸಪ್ಪೆಯಾಗಿ ಕಾಣಬಹುದು. ಆದರೆ ಇಲ್ಲಿ ಶಂಕೆ ಎತ್ತಿದವರು ಹೊರಗಿನವರಲ್ಲ, ಕಡತಕ್ಕೆ ಸಹಿ ಹಾಕಿದವರೇ.

ಅದೇ ಬ್ಯಾಟರಿಗೆ ಅಂಟಿಕೊಂಡ ಇನ್ನೊಂದು ಪ್ರಶ್ನೆ ಬಾಂಬಿನದು. ಆರ್‌ಡಿಎಕ್ಸ್ ಮತ್ತು ಸಾವಿರಾರು ಸಣ್ಣ ಉಕ್ಕಿನ ಗುಂಡುಗಳನ್ನು ಜೋಡಿಸಿ ಬೆಲ್ಟ್ ಮಾಡಿದ ಕೈ ಯಾವುದು, ಅದು ಭಾರತದಲ್ಲಿ ತಯಾರಾಯಿತೇ ಅಥವಾ ದೋಣಿಯಲ್ಲಿ ಬಂತೇ ಎಂಬುದು ವಿಚಾರಣೆಯಲ್ಲಿ ಸಾಬೀತಾಗಲಿಲ್ಲ. 2017ರಲ್ಲಿ ಸುಪ್ರೀಂ ಕೋರ್ಟ್ ಕೂಡ ಬಾಂಬ್ ತಯಾರಿಕೆಯ ಹಿಂದಿನ ಸಂಚಿನ ತನಿಖೆ ಏನಾಯಿತು ಎಂದು ಸರ್ಕಾರವನ್ನು ಕೇಳಿತು. ಬಾಂಬ್ ಎಲ್ಲಿ ಹುಟ್ಟಿತೆಂದು ತಿಳಿಯದೆ ಅದರ ಬ್ಯಾಟರಿ ಎಲ್ಲಿಂದ ಬಂತೆಂದು ಮಾತ್ರ ನಿಖರವಾಗಿ ತಿಳಿದದ್ದು ಹೇಗೆ ಎಂಬ ವಕೀಲರ ಪ್ರಶ್ನೆ ಬರೀ ಮಾತಿನ ಚಮತ್ಕಾರವಲ್ಲ.

ಕಾಣದ ವಿಡಿಯೊ

ಪ್ರಕರಣದ ಮುಖ್ಯ ತನಿಖಾಧಿಕಾರಿಯಾಗಿದ್ದ ಕೆ. ರಘೋತ್ತಮನ್ 2012ರಲ್ಲಿ ಇಂಗ್ಲಿಷ್‌ನಲ್ಲಿ ಪುಸ್ತಕ ಬರೆದು, ಸಭೆಯ ದಿನ ಸ್ಥಳೀಯವಾಗಿ ಚಿತ್ರಿಸಿದ ವಿಡಿಯೊ ಟೇಪೊಂದನ್ನು ಗುಪ್ತಚರ ದಳ ತೆಗೆದುಕೊಂಡು ಹೋಗಿ ತನಿಖೆಗೆ ಸರಿಯಾಗಿ ಒಪ್ಪಿಸಲಿಲ್ಲ ಎಂದು ಆರೋಪಿಸಿದರು. ಧನು ರಾಜೀವ್ ಬರುವ ಮುಂಚೆ ಎಷ್ಟು ಹೊತ್ತು, ಯಾರ ಜೊತೆ, ಭದ್ರತೆಯ ಒಳವಲಯದಲ್ಲಿ ನಿಂತಿದ್ದಳು ಎಂಬುದು ಅದರಲ್ಲಿ ಇದ್ದಿರಬೇಕೆಂಬುದು ಅವರ ವಾದ. ಆರೋಪ ನ್ಯಾಯಾಲಯದಲ್ಲಿ ಸಾಬೀತಾದದ್ದಲ್ಲ. ಆದರೆ ತಂಡದ ಮುಖ್ಯಸ್ಥ ಕಾರ್ತಿಕೇಯನ್ 2004ರ ತಮ್ಮ ಪುಸ್ತಕಕ್ಕೆ ‘ಟ್ರಯಂಫ್ ಆಫ್ ಟ್ರೂತ್’, ಅಂದರೆ ಸತ್ಯದ ಗೆಲುವು, ಎಂದು ಹೆಸರಿಟ್ಟಿದ್ದರು. ಎಂಟು ವರ್ಷಗಳ ನಂತರ ಅವರ ಕೈಕೆಳಗೆ ದುಡಿದ ಅಧಿಕಾರಿಯೇ ಸತ್ಯ ಪೂರ್ತಿ ಹೊರಬಂದಿಲ್ಲ ಎಂದು ಬರೆದದ್ದು ಗಮನಿಸತಕ್ಕ ಸಂಗತಿ.

ಈ ವಿಡಿಯೊ ವಿಷಯ ಭದ್ರತೆಯ ಲೋಪಕ್ಕೆ ತಗಲಿಕೊಂಡಿದೆ. 1989ರ ಡಿಸೆಂಬರಿನಲ್ಲಿ ಅಧಿಕಾರ ಬಿಟ್ಟ ಮೇಲೆ ರಾಜೀವ್ ಅವರಿಗಿದ್ದ ಎಸ್‌ಪಿಜಿ ರಕ್ಷಣೆ ಹೋಯಿತು. ಮಾಜಿ ಪ್ರಧಾನಿಗಳಿಗೂ ಅದು ಸಿಗುವಂತೆ ಕಾನೂನು ತಿದ್ದಿದ್ದು ಅವರು ಸತ್ತ ನಂತರ. ಹಂತಕಿಯನ್ನು ಮಹಿಳಾ ಪೊಲೀಸರೊಬ್ಬರು ತಡೆಯಲು ಹೋದಾಗ ರಾಜೀವ್ ತಾವೇ ಬಿಡಲು ಸೂಚಿಸಿದರು ಎಂಬ ಕಥೆ ಪ್ರಸಿದ್ಧ. ನ್ಯಾಯಮೂರ್ತಿ ಜೆ.ಎಸ್. ವರ್ಮಾ 1992ರ ವರದಿಯಲ್ಲಿ ರಾಜ್ಯ ಪೊಲೀಸರು, ಕೇಂದ್ರದ ವ್ಯವಸ್ಥೆ, ಸಭೆಯ ಸ್ಥಳೀಯ ಕಾಂಗ್ರೆಸ್ ಸಂಘಟಕರು ಎಲ್ಲರ ಲೋಪವನ್ನೂ ಎತ್ತಿ ತೋರಿಸಿದರು. ವರ್ಮಾ ಅವರಿಗೆ ವಹಿಸಿದ್ದು ಲೋಪದ ವಿಚಾರಣೆ ಮಾತ್ರ, ಸಂಚು ಅವರ ವ್ಯಾಪ್ತಿಯಲ್ಲಿರಲಿಲ್ಲ. ಲೋಪ ಒಬ್ಬರಿಗೆ, ಸಂಚು ಇನ್ನೊಬ್ಬರಿಗೆ, ಅಪರಾಧ ಮತ್ತೊಬ್ಬರಿಗೆ ಎಂದು ಹಂಚಿದ ಮೇಲೆ, ಲೋಪವೇ ಸಂಚಿನ ಭಾಗವಾಗಿತ್ತೇ ಎಂದು ಕೇಳುವ ಅಧಿಕಾರ ಯಾರಿಗೂ ಪೂರ್ತಿಯಾಗಿ ಉಳಿಯಲಿಲ್ಲ.

ಜೈನ್ ಆಯೋಗ ಮತ್ತು ‘ದೊಡ್ಡ ಸಂಚು’

ಸಂಚಿನ ವಿಚಾರಣೆಗೆ ನೇಮಕವಾದ ನ್ಯಾಯಮೂರ್ತಿ ಮಿಲಾಪ್ ಚಂದ್ ಜೈನ್ ಆರು ವರ್ಷ ತೆಗೆದುಕೊಂಡು, 1997ರ ಆಗಸ್ಟಿನಲ್ಲಿ ಐದು ಸಾವಿರಕ್ಕೂ ಹೆಚ್ಚು ಪುಟಗಳ ಮಧ್ಯಂತರ ವರದಿ ಕೊಟ್ಟರು. ಅದು ನವೆಂಬರಿನಲ್ಲಿ ಪತ್ರಿಕೆಗೆ ಸೋರಿತು. ತಮಿಳುನಾಡಿನಲ್ಲಿ ಹುಲಿಗಳು ಬೇರೂರಲು ಡಿಎಂಕೆ ಸರ್ಕಾರದ ಒತ್ತಾಸೆಯಿತ್ತೆಂದು ವರದಿ ದೂರಿತ್ತು. ಕೇಂದ್ರ ಸರ್ಕಾರದಲ್ಲಿದ್ದ ಡಿಎಂಕೆ ಮಂತ್ರಿಗಳನ್ನು ಕೈಬಿಡಬೇಕೆಂದು ಕಾಂಗ್ರೆಸ್ ಪಟ್ಟು ಹಿಡಿಯಿತು, ಪ್ರಧಾನಿ ಐ.ಕೆ. ಗುಜ್ರಾಲ್ ಒಪ್ಪಲಿಲ್ಲ, ಸರ್ಕಾರ ಬಿತ್ತು. ಏಳು ವರ್ಷದೊಳಗೆ ಅದೇ ಕಾಂಗ್ರೆಸ್ ಅದೇ ಡಿಎಂಕೆ ಜೊತೆ ಮೈತ್ರಿ ಮಾಡಿಕೊಂಡು ದೆಹಲಿಯಲ್ಲಿ ಅಧಿಕಾರ ಹಿಡಿಯಿತು. ಸತ್ಯಶೋಧನೆಯ ವರದಿಯೊಂದು ಚುನಾವಣೆಯ ಆಯುಧವಾಗಿ ಮೊಂಡಾದದ್ದು ಹೀಗೆ.

1998ರ ಅಂತಿಮ ವರದಿ ರಾಜಕಾರಣಿಗಳಿಗೆ ಹತ್ತಿರವಾಗಿದ್ದ ಸನ್ಯಾಸಿ ಚಂದ್ರಾಸ್ವಾಮಿಯ ಪಾತ್ರವೂ ಸೇರಿ ಹಲವು ಎಳೆಗಳನ್ನು ಇನ್ನಷ್ಟು ಕೆದಕಬೇಕೆಂದಿತು. ಪ್ಯಾಲೆಸ್ತೀನಿನ ಯಾಸಿರ್ ಅರಾಫತ್ ರಾಜೀವ್ ಅವರಿಗೆ ಜೀವಬೆದರಿಕೆಯ ಮುನ್ಸೂಚನೆ ಕೊಟ್ಟಿದ್ದರೆಂಬ ಮಾತೂ ಆಯೋಗದ ಮುಂದೆ ಬಂತು. ವಿದೇಶಿ ಗುಪ್ತಚರ ಸಂಸ್ಥೆಗಳ ಹೆಸರುಗಳು ತೇಲಿದವು. ಇವುಗಳನ್ನು ಬೆನ್ನುಹತ್ತಲು 1998ರ ಡಿಸೆಂಬರಿನಲ್ಲಿ ಸಿಬಿಐ ಅಡಿಯಲ್ಲಿ ಬಹುಶಿಸ್ತೀಯ ಉಸ್ತುವಾರಿ ಸಂಸ್ಥೆಯೊಂದು (ಎಂಡಿಎಂಎ) ಹುಟ್ಟಿತು. ಹಲವು ದೇಶಗಳಿಗೆ ಪತ್ರ ಹೋದವು, ಮುಚ್ಚಿದ ಲಕೋಟೆಗಳಲ್ಲಿ ನ್ಯಾಯಾಲಯಕ್ಕೆ ವರದಿಗಳು ಹೋದವು. ಚಂದ್ರಾಸ್ವಾಮಿಯ ಮೇಲೆ ಈ ಪ್ರಕರಣದಲ್ಲಿ ಯಾವ ಆರೋಪಪಟ್ಟಿಯೂ ಬರಲಿಲ್ಲ, 2017ರಲ್ಲಿ ಅವರು ತೀರಿಕೊಂಡರು. ಎರಡು ದಶಕಕ್ಕೂ ಮೀರಿ ಬದುಕಿದ ಆ ಸಂಸ್ಥೆಯನ್ನು 2022ರಲ್ಲಿ ಕೇಂದ್ರ ವಿಸರ್ಜಿಸಿತು. ಹೊಸ ಆರೋಪಿಯೊಬ್ಬನನ್ನೂ ಅದು ಕಟಕಟೆಗೆ ತರಲಿಲ್ಲ. ಏನೂ ಇರಲಿಲ್ಲವಾದ್ದರಿಂದ ಏನೂ ಸಿಗಲಿಲ್ಲ ಎಂದು ಒಬ್ಬರು ಓದುತ್ತಾರೆ, ಹುಡುಕಲು ಮನಸ್ಸಿರಲಿಲ್ಲ ಎಂದು ಇನ್ನೊಬ್ಬರು. ಸುಬ್ರಮಣಿಯನ್ ಸ್ವಾಮಿಯಂಥ ರಾಜಕಾರಣಿಗಳು ಕೇಳದೆ ಬಿಟ್ಟ ಪ್ರಶ್ನೆಗಳ ಬಗ್ಗೆ ಪುಸ್ತಕವನ್ನೇ ಬರೆದಿದ್ದಾರೆ. ಈ ಸಾಹಿತ್ಯದ ಬಹುಭಾಗದಲ್ಲಿ ಬರೆದವರ ರಾಜಕೀಯ ವೈರಿಗಳೇ ಶಂಕಿತರಾಗಿ ಕಾಣಿಸಿಕೊಳ್ಳುವುದು ಓದುಗರನ್ನು ಎಚ್ಚರಿಸಬೇಕು.

ಹುಲಿಗಳ ಬಾಯಲ್ಲಿ

ಎಲ್‌ಟಿಟಿಇ ಮೊದಲು ಈ ಹತ್ಯೆಗೂ ತನಗೂ ಸಂಬಂಧವಿಲ್ಲವೆಂದಿತ್ತು. 2002ರ ಏಪ್ರಿಲ್‌ನಲ್ಲಿ ಕಿಳಿನೊಚ್ಚಿಯ ಪತ್ರಿಕಾಗೋಷ್ಠಿಯಲ್ಲಿ ಪ್ರಶ್ನೆ ಎದುರಾದಾಗ ಪ್ರಭಾಕರನ್ ಅದೊಂದು ದುಃಖದ ಘಟನೆ ಎಂದಷ್ಟೇ ಹೇಳಿ ಜಾರಿಕೊಂಡರು. 2006ರಲ್ಲಿ ಹುಲಿಗಳ ಮುಖ್ಯ ಸಂಧಾನಕಾರ ಆಂಟನ್ ಬಾಲಸಿಂಗಂ ದೂರದರ್ಶನ ವಾಹಿನಿಯೊಂದರ ಸಂದರ್ಶನದಲ್ಲಿ ಅದನ್ನು ಮಹಾ ದುರಂತವೆಂದು ಕರೆದು ವಿಷಾದಿಸಿದರು. ಇದನ್ನು ತಪ್ಪೊಪ್ಪಿಗೆ ಎಂದು ಭಾರತದ ಪತ್ರಿಕೆಗಳು ಓದಿದವು, ಬರೀ ವಿಷಾದ ಎಂದು ಬೆಂಬಲಿಗರು ತಿದ್ದಿದರು. 2009ರ ಮೇ ತಿಂಗಳಲ್ಲಿ ಪ್ರಭಾಕರನ್ ಸತ್ತ ಮೇಲೆ ಆ ತಿದ್ದುಪಡಿಯನ್ನು ಒಪ್ಪಲೋ ಅಲ್ಲಗಳೆಯಲೋ ಅವರೇ ಉಳಿಯಲಿಲ್ಲ.

ಶಿಕ್ಷೆಯ ಕೊನೆ

2000ದಲ್ಲಿ ರಾಜೀವ್ ಪತ್ನಿ ಸೋನಿಯಾ ಗಾಂಧಿಯವರ ಮನವಿಯ ಬಳಿಕ ನಳಿನಿಯ ಮರಣದಂಡನೆ ಜೀವಾವಧಿಗಿಳಿಯಿತು. 2008ರಲ್ಲಿ ಮಗಳು ಪ್ರಿಯಾಂಕಾ ವೆಲ್ಲೂರು ಜೈಲಿಗೆ ಹೋಗಿ ಆಕೆಯನ್ನು ಕಂಡರು. ಕ್ಷಮಾದಾನ ಅರ್ಜಿ ಹನ್ನೊಂದು ವರ್ಷ ಕೊಳೆತ ಕಾರಣಕ್ಕೆ ಉಳಿದ ಮೂವರ ನೇಣನ್ನು ಸುಪ್ರೀಂ ಕೋರ್ಟ್ 2014ರ ಫೆಬ್ರವರಿಯಲ್ಲಿ ತಪ್ಪಿಸಿತು. ಮಗನಿಗಾಗಿ ಊರೂರು ಅಲೆದ ಪೇರರಿವಾಳನ್ ತಾಯಿ ಅರ್ಪುತಮ್ಮಾಳ್ ತಮಿಳುನಾಡಿನಲ್ಲಿ ಒಂದು ಆಂದೋಲನಕ್ಕೇ ಮುಖವಾದರು. 2022ರ ಮೇ 18ರಂದು ಸಂವಿಧಾನದ 142ನೇ ವಿಧಿಯಡಿ ಪೇರರಿವಾಳನ್ ಬಿಡುಗಡೆಯಾದರು, ನವೆಂಬರ್ 11ರಂದು ಉಳಿದ ಆರು ಮಂದಿಗೂ ಬಿಡುಗಡೆಯ ಆದೇಶವಾಯಿತು. ಈ ಯಾವ ಆದೇಶವೂ 1999ರ ತೀರ್ಪನ್ನು ತಪ್ಪೆಂದು ಹೇಳಲಿಲ್ಲ. ಆ ತೀರ್ಪನ್ನು ಹಿಂಪಡೆಯಬೇಕೆಂಬ ಪೇರರಿವಾಳನ್ ಅರ್ಜಿ 2018ರಲ್ಲೇ ವಜಾ ಆಗಿತ್ತು. ಕಾನೂನಿನ ಕಣ್ಣಿನಲ್ಲಿ ಅವರು ಅಪರಾಧಿ, ಶಿಕ್ಷೆ ಮುಗಿಸಿದವರು. ಅಂದು ಸ್ಫೋಟದಲ್ಲಿ ಸತ್ತ ಪೊಲೀಸರ ಮನೆಯವರಿಗೆ ಈ ಬಿಡುಗಡೆ ನುಂಗಲಾರದ ತುತ್ತಾಯಿತು.

ಬಿಡುಗಡೆಯಾದವರಲ್ಲಿ ಸಂತನ್ ತಾಯ್ನಾಡು ಶ್ರೀಲಂಕಾಕ್ಕೆ ಹೋಗಲು ಕಾಯುತ್ತಿದ್ದಾಗಲೇ 2024ರ ಫೆಬ್ರವರಿ 28ರಂದು ಚೆನ್ನೈನಲ್ಲಿ ಸತ್ತರು. ಏಪ್ರಿಲ್‌ನಲ್ಲಿ ಮುರುಗನ್ ಅವರನ್ನೂ ಜೀವಾವಧಿ ಶಿಕ್ಷೆಗೆ ಒಳಗಾಗಿದ್ದ ರಾಬರ್ಟ್ ಪಾಯಸ್ ಮತ್ತು ಜಯಕುಮಾರ್ ಅವರನ್ನೂ ವಿಮಾನದಲ್ಲಿ ಕೊಲಂಬೊಗೆ ಕಳಿಸಿದರು.